ಕಾಗದದ ಮೇಲಿನ ಕಲೆ



ಸೈನ್ಯಕ್ಕೆ ಸೇರುವಾಗ ಎಲ್ಲರಿಗೂ ಬಾಗಿಲು ಒಂದೇ. ಹೊರಗೆ ಬರುವಾಗ ಮಾತ್ರ ಬಾಗಿಲುಗಳು ಹಲವು. ಅಮೆರಿಕದ ಸೈನ್ಯದ ಮಟ್ಟಿಗೆ ಇದು ಪೂರಾ ನಿಜ. ಅಲ್ಲಿ ಸೇವೆ ಬಿಟ್ಟು ಮನೆಗೆ ಹೊರಟವನ ಕೈಗೆ 'ಡಿಡಿ 214' ಎಂಬ ಒಂದು ಕಾಗದ ಬರುತ್ತದೆ. ಎಷ್ಟು ವರ್ಷ ದುಡಿದ, ಯಾವ ಪದಕ ಪಡೆದ ಎಂಬುದೆಲ್ಲ ಅದರಲ್ಲಿದೆ. ಜೊತೆಗೆ ಅವನು ಎಂಥ ಹೆಸರು ಹೊತ್ತು ಹೊರಬಂದ ಎಂಬುದನ್ನು ಹೇಳುವ ಒಂದು ಚಿಕ್ಕ ಚೌಕವೂ ಇದೆ. ಆ ಚೌಕದೊಳಗಿನ ಎರಡು ಮೂರು ಪದಗಳು ಒಬ್ಬ ಮನುಷ್ಯನ ಉಳಿದ ಆಯುಷ್ಯವನ್ನೇ ಹಿಡಿದಿಡಬಲ್ಲವು. ಆ ಪದಗಳನ್ನು ಬದಲಾಯಿಸಿಕೊಡಿ ಎಂದು ಕೇಳುವ ಮಾಜಿ ಸೈನಿಕರ ಕಥೆಯನ್ನು ಈ ಸಲ ಹೇಳಬೇಕೆನಿಸಿತು.

ಐದು ಮೆಟ್ಟಿಲು

ಎಲ್ಲಕ್ಕಿಂತ ಮೇಲಿನದು 'ಆನರಬಲ್', ಅಂದರೆ ಪೂರ್ಣ ಗೌರವದ ಬಿಡುಗಡೆ. ಅದರ ಕೆಳಗೆ 'ಜನರಲ್', ಮೂರನೆಯದು 'ಅದರ್ ದ್ಯಾನ್ ಆನರಬಲ್', ಅಂದರೆ ಗೌರವವಿಲ್ಲದ ಬಿಡುಗಡೆ. ಅದಕ್ಕೂ ಕೆಳಗಿನ 'ಬ್ಯಾಡ್ ಕಾಂಡಕ್ಟ್' ಮತ್ತು 'ಡಿಸ್‌ಆನರಬಲ್' ಎಂಬೆರಡು ಸೈನಿಕ ನ್ಯಾಯಾಲಯ ಶಿಕ್ಷೆಯಾಗಿ ವಿಧಿಸುವಂಥವು.

ಮೆಟ್ಟಿಲು ಇಳಿದಂತೆ ಸವಲತ್ತುಗಳೂ ಇಳಿಯುತ್ತವೆ. ಎರಡನೆಯ ಮೆಟ್ಟಿಲಿನವನಿಗೆ ಆಸ್ಪತ್ರೆ ಸಿಕ್ಕೀತು, ಆದರೆ ಓದಿಗೆ ಸರ್ಕಾರ ಕೊಡುವ ಹಣ ಸಿಗದು. ಮೂರನೆಯ ಮೆಟ್ಟಿಲಿನವನಿಗೆ ಅಂಗವಿಕಲ ವೇತನ, ಮನೆ ಸಾಲ, ಸತ್ತಾಗ ಸೈನಿಕರ ರಾಷ್ಟ್ರೀಯ ಸ್ಮಶಾನದಲ್ಲಿ ಜಾಗ, ಎಲ್ಲವೂ ಅನುಮಾನದಲ್ಲಿ ಬೀಳುತ್ತವೆ. ಕೆಲಸ ಕೇಳಲು ಹೋದಲ್ಲಿ ಮಾಲೀಕ ಆ ಕಾಗದ ನೋಡಿ ಮುಖ ತಿರುಗಿಸುವುದು ಬೇರೆ.

ಮೂರನೆಯ ಮೆಟ್ಟಿಲಿನ ವಿಶೇಷವೇನೆಂದರೆ ಅದಕ್ಕೆ ನ್ಯಾಯಾಲಯದ ತೀರ್ಪೇ ಬೇಕಿಲ್ಲ. ಆಡಳಿತದ ಆದೇಶ ಸಾಕು. ರಜೆ ಮುಗಿದರೂ ವಾಪಸು ಬಾರದ, ಗಾಂಜಾ ಸೇದಿದ ಅಥವಾ ಮೇಲಧಿಕಾರಿಗೆ ಎದುರು ಮಾತಾಡಿದ ಸೈನಿಕನಿಗೆ, ವಿಚಾರಣೆ ಎದುರಿಸಿ ಜೈಲಿಗೆ ಹೋಗುತ್ತೀಯೋ, ಇಲ್ಲಿ ಸಹಿ ಹಾಕಿ ಮನೆಗೆ ಹೋಗುತ್ತೀಯೋ ಎಂದು ಕೇಳಿದರೆ ಇಪ್ಪತ್ತು ವರ್ಷದ ಹುಡುಗ ಯಾವುದನ್ನು ಆರಿಸಿಯಾನು? ಸಹಿ ಹಾಕುತ್ತಾನೆ. ಆರು ತಿಂಗಳು ಕಳೆದರೆ ಇದು ತಾನಾಗಿಯೇ ಗೌರವದ ಬಿಡುಗಡೆಯಾಗಿ ಬದಲಾಗುತ್ತದೆ ಎಂಬ ಮಾತು ಬ್ಯಾರಕ್‌ಗಳಲ್ಲಿ ಬಾಯಿಂದ ಬಾಯಿಗೆ ಬಂದಿದೆ. ಅದು ಶುದ್ಧ ಸುಳ್ಳು. ಅರ್ಜಿ ಹಾಕದೆ ಯಾವ ಕಾಗದವೂ ಬದಲಾಗುವುದಿಲ್ಲ. ಎಷ್ಟೋ ಮಂದಿಗೆ ಇದು ತಿಳಿಯುವುದು ತಲೆ ನರೆತ ಮೇಲೆ.

ಅರುವತ್ತಾರು ವರ್ಷ ಕಾದವನು

ಈ ಕಾಯುವಿಕೆ ಎಷ್ಟು ಉದ್ದವಾಗಬಹುದು ಎಂಬುದಕ್ಕೆ ಡಾರ್ಸಿ ವಿಲ್ಲಿಸ್ ಎಂಬವರ ಬದುಕೇ ಸಾಕ್ಷಿ. 1906ರ ಆಗಸ್ಟ್ 13ರ ನಡುರಾತ್ರಿ ಟೆಕ್ಸಾಸ್ ರಾಜ್ಯದ ಬ್ರೌನ್ಸ್‌ವಿಲ್ ಪಟ್ಟಣದಲ್ಲಿ ಗುಂಡಿನ ಸದ್ದಾಯಿತು. ಹೆಂಡದಂಗಡಿಯ ಕೆಲಸಗಾರನೊಬ್ಬ ಸತ್ತ, ಪೊಲೀಸ್ ಅಧಿಕಾರಿಯೊಬ್ಬನಿಗೆ ಗಾಯವಾಯಿತು. ಪಟ್ಟಣದ ಬಿಳಿಯರು ಪಕ್ಕದ ಕೋಟೆಯಲ್ಲಿದ್ದ 25ನೇ ಪದಾತಿ ದಳದ ಕಪ್ಪು ಸೈನಿಕರ ಕಡೆ ಬೆರಳು ತೋರಿಸಿದರು. ಆ ಹೊತ್ತು ಸೈನಿಕರು ಬ್ಯಾರಕ್‌ನಲ್ಲೇ ಇದ್ದರೆಂದು ಅವರ ಬಿಳಿಯ ಅಧಿಕಾರಿಗಳೇ ಹೇಳಿದ್ದರು. ತಪ್ಪು ಮಾಡಿದವರ ಹೆಸರು ಹೇಳಿ ಎಂದರೆ ಯಾರೂ ಹೇಳಲಿಲ್ಲ. ಹೇಳಲು ಅವರಿಗೆ ಹೆಸರೇ ಗೊತ್ತಿರಲಿಲ್ಲ. ಈ ಮೌನವನ್ನೇ ಒಳಸಂಚು ಎಂದು ಬಗೆದು, ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಅದೇ ನವೆಂಬರ್‌ನಲ್ಲಿ 167 ಮಂದಿಯನ್ನು ಒಂದೇ ಏಟಿಗೆ ಗೌರವವಿಲ್ಲದೆ ಹೊರಹಾಕಿದರು. ವಿಚಾರಣೆ ನಡೆಯಲಿಲ್ಲ, ಒಬ್ಬನ ಮೇಲೂ ಅಪರಾಧ ಸಾಬೀತಾಗಲಿಲ್ಲ. ಅವರಲ್ಲಿ ಕಾಲು ಶತಮಾನ ಸೇವೆ ಮಾಡಿ ಪಿಂಚಣಿಯ ಹೊಸ್ತಿಲಲ್ಲಿ ನಿಂತವರೂ ಇದ್ದರು.

ಒಹಾಯೋದ ಸೆನೆಟರ್ ಜೋಸೆಫ್ ಫೋರೇಕರ್ ಈ ಸೈನಿಕರ ಪರವಾಗಿ ವರ್ಷಗಟ್ಟಲೆ ವಾದಿಸಿದರು. ಕೊನೆಗೆ 1910ರಲ್ಲಿ 14 ಮಂದಿಗೆ ಮಾತ್ರ ಮತ್ತೆ ಸೈನ್ಯ ಸೇರುವ ಅವಕಾಶ ಸಿಕ್ಕಿತು. ಉಳಿದವರು ಆ ಕಲೆಯನ್ನು ಹೊತ್ತೇ ಒಬ್ಬೊಬ್ಬರಾಗಿ ಸತ್ತರು. ವಿಲ್ಲಿಸ್ ಮಿನಿಯಾಪೊಲಿಸ್ ನಗರದ ಒಂದು ಕ್ಷೌರದಂಗಡಿಯಲ್ಲಿ ಬೂಟು ಪಾಲಿಶ್ ಮಾಡುತ್ತಾ, ನೆಲ ಗುಡಿಸುತ್ತಾ ಐವತ್ತಕ್ಕೂ ಹೆಚ್ಚು ವರ್ಷ ಕಳೆದರು.

1970ರಲ್ಲಿ ಜಾನ್ ವೀವರ್ ಎಂಬ ಲೇಖಕರು ಹಳೆಯ ದಾಖಲೆಗಳನ್ನು ಕೆದಕಿ ಈ ಪ್ರಕರಣದ ಬಗ್ಗೆ ಪುಸ್ತಕ ಬರೆದರು. ಅದನ್ನು ಓದಿದ ಸಂಸದ ಅಗಸ್ಟಸ್ ಹಾಕಿನ್ಸ್ ಮಸೂದೆ ಮಂಡಿಸಿದರು. 1972ರ ಸೆಪ್ಟೆಂಬರ್‌ನಲ್ಲಿ ಸೈನ್ಯವು ಆ ಬಿಡುಗಡೆಗಳನ್ನೆಲ್ಲ ಗೌರವದ ಬಿಡುಗಡೆಯಾಗಿ ಬದಲಿಸಿತು. ಅಂದು ಅದನ್ನು ಕೈಯಾರೆ ಪಡೆಯಲು ಬದುಕುಳಿದಿದ್ದವರು ವಿಲ್ಲಿಸ್ ಒಬ್ಬರೇ ಎನ್ನಬೇಕು. ಪತ್ತೆಯಾದ ಇನ್ನೊಬ್ಬರು 1910ರಲ್ಲೇ ಮರಳಿ ಸೈನ್ಯ ಸೇರಿದ್ದವರು. 1973ರ ಫೆಬ್ರವರಿಯಲ್ಲಿ, ತಮ್ಮ 87ರ ವಯಸ್ಸಿನಲ್ಲಿ, ವಿಲ್ಲಿಸ್ ಆ ಕಾಗದವನ್ನು ಕೈಗೆ ತೆಗೆದುಕೊಂಡರು. ಬಳಿಕ ಕಾಂಗ್ರೆಸ್ 25,000 ಡಾಲರ್ ಪರಿಹಾರವನ್ನೂ ಮಂಜೂರು ಮಾಡಿತು. 1977ರಲ್ಲಿ ತೀರಿಕೊಂಡಾಗ ಅವರನ್ನು ಮಣ್ಣು ಮಾಡಿದ್ದು ಫೋರ್ಟ್ ಸ್ನೆಲಿಂಗ್‌ನ ಸೈನಿಕರ ರಾಷ್ಟ್ರೀಯ ಸ್ಮಶಾನದಲ್ಲಿ.

ಕೇಳುವ ದಾರಿ ಎರಡು

ವಿಲ್ಲಿಸ್‌ಗೆ ನ್ಯಾಯ ಸಿಗಲು ಒಂದು ಪುಸ್ತಕ ಮತ್ತು ಒಬ್ಬ ಸಂಸದ ಬೇಕಾಯಿತು. ಎಲ್ಲರಿಗೂ ಅಂಥ ಭಾಗ್ಯವಿರುವುದಿಲ್ಲವಲ್ಲ! ಎರಡನೇ ಮಹಾಯುದ್ಧದ ಕಾಲದಲ್ಲಿ ನೀಲಿ ಕಾಗದದಲ್ಲಿ ಮುದ್ರಿಸಿದ ಒಂದು ಬಗೆಯ ಬಿಡುಗಡೆ ಪತ್ರವಿತ್ತು. ಗೌರವದ್ದೆಂದೂ ಇಲ್ಲ, ಅಗೌರವದ್ದೆಂದೂ ಇಲ್ಲ. ಆದರೆ ನೀಲಿ ಬಣ್ಣ ಕಂಡರೆ ಸಾಕು, ಸವಲತ್ತೂ ಇಲ್ಲ, ಕೆಲಸವೂ ಇಲ್ಲ. ಅದು ಕಪ್ಪು ಸೈನಿಕರ ಪಾಲಿಗೆ ಅವರ ಸಂಖ್ಯೆಗೆ ಮೀರಿ ಬಂದಿತ್ತು. 'ಪಿಟ್ಸ್‌ಬರ್ಗ್ ಕೊರಿಯರ್' ಪತ್ರಿಕೆ 1945ರಲ್ಲಿ ಇದರ ವಿರುದ್ಧ ದನಿಯೆತ್ತಿತು. 1947ರಲ್ಲಿ ನೀಲಿ ಕಾಗದ ನಿಂತಿತು.

ಅದೇ ಸುಮಾರಿಗೆ ಅರ್ಜಿ ಹಾಕುವ ಎರಡು ಬಾಗಿಲುಗಳು ತೆರೆದವು. 1944ರ ಕಾಯ್ದೆಯಿಂದ ಹುಟ್ಟಿದ್ದು ಬಿಡುಗಡೆ ಪರಿಶೀಲನಾ ಮಂಡಳಿ. ಇಲ್ಲಿಗೆ ಹೊರಬಂದ 15 ವರ್ಷಗಳೊಳಗೆ ಬರಬೇಕು. 1946ರ ಕಾಯ್ದೆಯಿಂದ ಬಂದದ್ದು ದಾಖಲೆ ತಿದ್ದುಪಡಿ ಮಂಡಳಿ. ಇದರಲ್ಲಿ ಕೂರುವವರು ಸೈನಿಕರಲ್ಲ, ನಾಗರಿಕ ಅಧಿಕಾರಿಗಳು. ತಪ್ಪು ಗೊತ್ತಾದ ಮೂರು ವರ್ಷಗಳೊಳಗೆ ಅರ್ಜಿ ಬರಬೇಕೆಂಬುದು ಇಲ್ಲಿಯ ನಿಯಮ. ನ್ಯಾಯದ ಹಿತಕ್ಕಾಗಿ ಆ ಗಡುವನ್ನು ಮನ್ನಿಸುವ ಅಧಿಕಾರ ಮಂಡಳಿಗಿದೆ. ಆದ್ದರಿಂದ ಸತ್ತವರ ಪರವಾಗಿ ವಾರಸುದಾರರೂ ಇಲ್ಲಿಗೆ ಬರುತ್ತಾರೆ. ಗುಲಾಮರಾಗಿ ಹುಟ್ಟಿ, ವೆಸ್ಟ್ ಪಾಯಿಂಟ್ ಸೈನಿಕ ಶಾಲೆಯಿಂದ 1877ರಲ್ಲಿ ಹೊರಬಂದ ಮೊದಲ ಕಪ್ಪು ಪದವೀಧರ ಹೆನ್ರಿ ಫ್ಲಿಪ್ಪರ್ ಅವರನ್ನು 1882ರಲ್ಲಿ ವಜಾ ಮಾಡಲಾಗಿತ್ತು. ಅವರು ಸತ್ತದ್ದು 1940ರಲ್ಲಿ. ದಾಖಲೆ ತಿದ್ದಿದ್ದು 1976ರಲ್ಲಿ.

ಆದರೆ ಮಂಡಳಿಯ ಮುಂದೆ ಸೈನ್ಯ ಮಾಡಿದ್ದೇ ಸರಿ ಎಂಬ ಊಹೆಯಿಂದಲೇ ಲೆಕ್ಕ ಶುರುವಾಗುತ್ತದೆ. ತಪ್ಪಾಗಿದೆ ಎಂದು ತೋರಿಸುವ ಹೊರೆ ಅರ್ಜಿದಾರನದ್ದು. ತೋರಿಸಲು ಕಾಗದ ಬೇಕು. 1973ರ ಜುಲೈ 12ರಂದು ಸೇಂಟ್ ಲೂಯಿಸ್‌ನ ದಾಖಲೆ ಕೇಂದ್ರಕ್ಕೆ ಬೆಂಕಿ ಬಿದ್ದು ಸುಮಾರು 160ರಿಂದ 180 ಲಕ್ಷ ಸೈನಿಕರ ಕಡತಗಳು ಸುಟ್ಟುಹೋದವು. 1912ರಿಂದ 1960ರ ನಡುವೆ ಭೂಸೇನೆ ಬಿಟ್ಟವರ ಕಡತಗಳಲ್ಲಿ ನೂರಕ್ಕೆ ಎಂಬತ್ತರಷ್ಟು ಬೂದಿಯಾದವು. ಸೈನ್ಯ ತನ್ನ ಕಪಾಟಿನಲ್ಲಿಟ್ಟ ಕಾಗದ ಸುಟ್ಟರೆ ಮುದುಕ ಏನು ತೋರಿಸಿಯಾನು? ಹಳೆಯ ಪತ್ರಗಳು, ಜೊತೆಯಲ್ಲಿದ್ದವರ ಹೇಳಿಕೆಗಳು, ಹೀಗೆ ಸಿಕ್ಕಿದ್ದನ್ನು ಜೋಡಿಸಿ ಕೊಡಬೇಕು.

ಕಾಣದ ಗಾಯ

ವಿಯೆಟ್ನಾಂ ಯುದ್ಧದ ಕಾಲದಲ್ಲಿ ಗೌರವವಿಲ್ಲದೆ ಹೊರಬಂದವರ ಸಂಖ್ಯೆ ಸುಮಾರು 2,60,000 ಎಂದು ಹೇಳುತ್ತಾರೆ. ಇವರಲ್ಲಿ ಕಾಡಿನಲ್ಲಿ ಕಾದಾಡಿ ಪದಕ ಪಡೆದವರೂ ಇದ್ದರು. ಊರಿಗೆ ಬಂದ ಮೇಲೆ ನಿದ್ದೆಯಿಲ್ಲ, ಸದ್ದಾದರೆ ನಡುಕ, ಕುಡಿತ, ಹೇಳದೆ ಕೇಳದೆ ಓಡಿಹೋಗುವುದು. ಅಂದು ಅದಕ್ಕೆ ಇಟ್ಟ ಹೆಸರು ಅಶಿಸ್ತು. ಯುದ್ಧದಂಥ ಆಘಾತದಿಂದ ಮನಸ್ಸಿಗಾಗುವ ಈ ಕಾಯಿಲೆಯನ್ನು ಅಮೆರಿಕದ ಮನೋವೈದ್ಯರು ಪಿಟಿಎಸ್‌ಡಿ ಎಂಬ ಹೆಸರಿನಲ್ಲಿ ತಮ್ಮ ಪಟ್ಟಿಗೆ ಸೇರಿಸಿದ್ದು 1980ರಲ್ಲಿ. ಅಷ್ಟರಲ್ಲಿ ಸೈನಿಕರ ಕಾಗದಗಳ ಮೇಲೆ ಮಸಿ ಒಣಗಿಹೋಗಿತ್ತು. 1970ರಲ್ಲಿ ಹೊರಬಿದ್ದವನು ತನ್ನ ಕಾಯಿಲೆಗೆ ಅಂದಿನ ವೈದ್ಯರ ಚೀಟಿ ತರಬೇಕೆಂದರೆ ಎಲ್ಲಿಂದ ತಂದಾನು?

2014ರಲ್ಲಿ ಕೆಲವು ವಿಯೆಟ್ನಾಂ ಸೈನಿಕರು ಯೇಲ್ ಕಾನೂನು ಶಾಲೆಯ ವಿದ್ಯಾರ್ಥಿಗಳ ನೆರವಿನಿಂದ ಕೋರ್ಟಿಗೆ ಹೋದರು. ಅದೇ ವರ್ಷದ ಸೆಪ್ಟೆಂಬರ್ 3ರಂದು ರಕ್ಷಣಾ ಕಾರ್ಯದರ್ಶಿ ಚಕ್ ಹೇಗಲ್ ಒಂದು ಸುತ್ತೋಲೆ ಹೊರಡಿಸಿದರು. ಅವರೂ ವಿಯೆಟ್ನಾಂನಲ್ಲಿ ಸಾರ್ಜೆಂಟ್ ಆಗಿದ್ದು ಗಾಯಗೊಂಡವರೇ. ಇಂಥ ಅರ್ಜಿಗಳನ್ನು ಉದಾರವಾಗಿ ನೋಡಬೇಕು ಎಂಬುದು ಅದರ ಸಾರ. 2017ರ ಸುತ್ತೋಲೆ ಇದನ್ನು ತಲೆಯ ಪೆಟ್ಟಿಗೂ, ಸೈನ್ಯದೊಳಗೆ ನಡೆದ ಲೈಂಗಿಕ ದೌರ್ಜನ್ಯಕ್ಕೂ ಅನ್ವಯಿಸಿತು. ಮಂಡಳಿ ಕೇಳಿಕೊಳ್ಳಬೇಕಾದ ಪ್ರಶ್ನೆ ನಾಲ್ಕು. ತಪ್ಪಿಗೆ ವಿನಾಯಿತಿ ಕೊಡಬಹುದಾದ ಕಾಯಿಲೆ ಅಥವಾ ಅನುಭವ ಇತ್ತೇ? ಅದು ಸೇವೆಯ ಕಾಲದಲ್ಲೇ ಆದದ್ದೇ? ಅದರಿಂದ ತಪ್ಪಿನ ಭಾರ ನಿಜಕ್ಕೂ ಕಡಿಮೆಯಾಗುತ್ತದೆಯೇ? ಆ ಬಿಡುಗಡೆಗಿಂತ ಅದು ಹೆಚ್ಚು ತೂಗುತ್ತದೆಯೇ? ಇದಕ್ಕೆ ಅರ್ಜಿದಾರನ ಸ್ವಂತ ಮಾತೂ ಸಾಕ್ಷ್ಯವಾಗಬಹುದು. ದೌರ್ಜನ್ಯವನ್ನು ಯಾರಿಗೂ ಹೇಳಲಾಗದೆ ಓಡಿಹೋದ ಹೆಣ್ಣುಮಗಳಿಗೆ ಇದು ದೊಡ್ಡ ಮಾತು.

ತಪ್ಪು ಮಾಡಿದವನೂ ಕೇಳಬಹುದೇ?

ಇಲ್ಲಿಯವರೆಗೆ ಹೇಳಿದ್ದು ಅನ್ಯಾಯಕ್ಕೆ ಒಳಗಾದವರ, ಕಾಯಿಲೆಗೆ ತುತ್ತಾದವರ ಮಾತು. ನಿಜವಾಗಿ ತಪ್ಪು ಮಾಡಿ, ಬಳಿಕ ಮೂವತ್ತು ವರ್ಷ ನೇರವಾಗಿ ಬದುಕಿದವನ ಗತಿ ಏನು? 2018ರ ಜುಲೈಯಲ್ಲಿ ಬಂದ ಇನ್ನೊಂದು ಸುತ್ತೋಲೆ ಇದಕ್ಕೂ ದಾರಿ ಬಿಟ್ಟಿದೆ. ಎಷ್ಟು ಕಾಲ ಕಳೆದಿದೆ, ತಪ್ಪನ್ನು ಒಪ್ಪಿಕೊಂಡಿದ್ದಾನೆಯೇ, ಆಮೇಲೆ ಹೇಗೆ ದುಡಿದು ಬಾಳಿದ್ದಾನೆ ಎಂಬುದನ್ನು ನೋಡಬೇಕು. ಗೌರವದ ಬಿಡುಗಡೆಗೆ ಲೋಪವೇ ಇಲ್ಲದ ಸೇವೆ ಬೇಕೆಂದಿಲ್ಲ. ಬಳಿಕದ ಬದುಕಿನಲ್ಲಿ ಅಸಾಮಾನ್ಯ ಸಾಧನೆ ಮಾಡಿದವರಿಗಷ್ಟೇ ಇದನ್ನು ಮೀಸಲಿಡಲೂಬಾರದು. ಹಿಂಸೆಯ ಅಪರಾಧಗಳ ವಿಷಯದಲ್ಲಿ ಮಾತ್ರ ಕೈ ಬಿಗಿ. ಸರ್ಕಾರಿ ಕಾಗದವೊಂದು ಎರಡನೆಯ ಅವಕಾಶದ ಬಗ್ಗೆ ಇಷ್ಟು ಬಿಚ್ಚುಮನಸ್ಸಿನಿಂದ ಮಾತಾಡುವುದು ಅಪರೂಪ. ಆದರೂ ಅರ್ಜಿ ಹಾಕಿದವರಿಗೆಲ್ಲ ಇದು ಸಿಗುವುದಿಲ್ಲ. ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷ ದಾಟಿ ಕಾದ ಮೇಲೆ 'ಇಲ್ಲ' ಎಂಬ ಉತ್ತರ ಬರುವುದೂ ಉಂಟು.

ನಮ್ಮವರಿಗೂ ಒಂದು ಕಿವಿಮಾತು

ನಮ್ಮ ಕುಟುಂಬಗಳ ಮಕ್ಕಳು ಕೆಲವರು ಈಗ ಅಮೆರಿಕದಲ್ಲಿ ನೆಲೆ ನಿಂತಿದ್ದಾರೆ. ಗ್ರೀನ್ ಕಾರ್ಡ್ ಇದ್ದವರೂ ಅಲ್ಲಿಯ ಸೈನ್ಯ ಸೇರಬಹುದು, ಸೇವೆಯ ಮೂಲಕ ಬೇಗ ಪೌರತ್ವ ಪಡೆಯಬಹುದು. ಆದರೆ ಒಟ್ಟು ಐದು ವರ್ಷ ಗೌರವದ ಸೇವೆ ತುಂಬುವ ಮೊದಲೇ ಮೂರನೆಯ ಮೆಟ್ಟಿಲಿನಲ್ಲೋ ಅದಕ್ಕಿಂತ ಕೆಳಗೋ ಹೊರಬಿದ್ದರೆ, ಹಾಗೆ ಪಡೆದ ಪೌರತ್ವವನ್ನೇ ಹಿಂದಕ್ಕೆ ಪಡೆಯಲು ಕಾನೂನಿನಲ್ಲಿ ಅವಕಾಶವಿದೆ. ಹೊರನಾಡಿನಿಂದ ಹೋದ ಹುಡುಗನಿಗೆ ಒಂದು ಸಹಿಯ ಬೆಲೆ ಅಲ್ಲಿಯವನಿಗಿಂತ ಹೆಚ್ಚು. ಸಹಿಗೆ ಮುಂಚೆ ಸೈನ್ಯವೇ ಪುಕ್ಕಟೆ ಒದಗಿಸುವ ವಕೀಲರ ಬಳಿ ಮಾತಾಡಬೇಕು. ಈಗಾಗಲೇ ಹೊರಬಂದಿದ್ದರೆ, ಆಸ್ಪತ್ರೆಗೂ ಸವಲತ್ತಿಗೂ ಮಾಜಿ ಸೈನಿಕರ ಇಲಾಖೆಯಲ್ಲಿ ಬೇರೆಯೇ ಅರ್ಜಿ ಹಾಕಬಹುದು. ಆ ಇಲಾಖೆ ಕಾಗದದ ಪದವನ್ನಷ್ಟೇ ನೋಡದೆ ತಾನೇ ವಿಚಾರಿಸುತ್ತದೆ. 2024ರಲ್ಲಿ ಅದರ ನಿಯಮವನ್ನು ಇನ್ನಷ್ಟು ಸಡಿಲಿಸಲಾಯಿತು.

ಇನ್ನು ಅರ್ಜಿಯ ಮಾತು. ಅಲ್ಲಿಯ ಉಚಿತ ಕಾನೂನು ನೆರವು ಕೇಂದ್ರಗಳು ಈ ಕೆಲಸ ಮಾಡಿಕೊಡುತ್ತವೆ. ಫಾರಂ ತುಂಬುವುದು ದೊಡ್ಡದಲ್ಲ. ಅದರ ಜೊತೆ ಇಡುವ ಹೇಳಿಕೆಯೇ ಕಷ್ಟ. ಹೆಂಡತಿ ಮಕ್ಕಳಿಗೂ ಹೇಳದೆ ಇಷ್ಟು ವರ್ಷ ಮುಚ್ಚಿಟ್ಟದ್ದನ್ನು ಪರಿಚಯವಿಲ್ಲದ ಅಧಿಕಾರಿಗಳು ಓದಲೆಂದು ಬರೆಯಬೇಕಾಗುತ್ತದೆ. ಅಲ್ಲಿಗೇ ಪೆನ್ನು ಕೆಳಗಿಡುವವರಿದ್ದಾರೆ. ಆಗ ಪಕ್ಕದಲ್ಲಿ ಕೂತು, ಅವಸರ ಮಾಡದೆ ಕೇಳಿಸಿಕೊಳ್ಳುವ ಒಬ್ಬರು ಮನೆಯಲ್ಲಿದ್ದರೆ ಅರ್ಧ ಅರ್ಜಿ ಬರೆದಂತೆಯೇ.