ಆಸ್ಪತ್ರೆಯ ಕೈಗವಸೂ ಸಾಲದ ಜೀತವೂ

ವೈದ್ಯನು ರೋಗಿಯ ಮೈಮುಟ್ಟುವ ಮೊದಲು ತೊಡುವ ರಬ್ಬರು ಕೈಗವಸನ್ನು ಮಾಡಿದವರು ಯಾರು ಎಂದು ವಿಚಾರಿಸುವ ಪದ್ಧತಿಯು ಆಸ್ಪತ್ರೆಗಳಲ್ಲಿ ಬಹುಕಾಲ ಇರಲಿಲ್ಲ. ಅದು ಶುದ್ಧವಾಗಿದೆಯೆ, ಹರಿಯದೆ ನಿಲ್ಲುವುದೆ, ಬೆಲೆಯೆಷ್ಟು ಎಂದು ತಿಳಿದರೆ ಖರೀದಿಯ ಅಧಿಕಾರಿಗೆ ಸಾಕಾಗುತ್ತಿತ್ತು. 2020ರ ಮಹಾಮಾರಿಯಲ್ಲಿ ಲೋಕವೆಲ್ಲ ಕೈಗವಸಿಗಾಗಿ ಹಾತೊರೆದಾಗ ಮಲೇಷ್ಯಾ ದೇಶದ ಕಾರ್ಖಾನೆಗಳ ಒಳಗುಟ್ಟು ಹೊರಬಿದ್ದಿತು. ಅಂದಿನಿಂದ ಈ ವಿಚಾರವನ್ನು ಸುಮ್ಮನೆ ಬದಿಗೆ ಸರಿಸುವುದು ಯಾರಿಗೂ ಸಾಧ್ಯವಾಗಿಲ್ಲ.

ಆಗ ಜಗತ್ತಿನ ರಬ್ಬರು ಕೈಗವಸುಗಳಲ್ಲಿ ಅರ್ಧಕ್ಕೂ ಮಿಕ್ಕವು ಮಲೇಷ್ಯಾದಿಂದಲೇ ಹೊರಡುತ್ತಿದ್ದವು. ಅವುಗಳನ್ನು ಮಾಡುತ್ತಿದ್ದವರಲ್ಲಿ ಬಹುಮಂದಿ ನೇಪಾಳ, ಬಾಂಗ್ಲಾದೇಶ, ಬ್ರಹ್ಮದೇಶಗಳಿಂದ ಹೊಟ್ಟೆಪಾಡಿಗಾಗಿ ಹೋದವರು. ಈ ಬಡವನು ಕಾರ್ಖಾನೆಯ ಬಾಗಿಲನ್ನು ಕಾಣುವುದಕ್ಕೆ ಮೊದಲೇ ಸಾಲಗಾರನಾಗಿರುತ್ತಾನೆ. ಊರಿನ ದಲ್ಲಾಳಿಗೆ ಕೆಲವರು ನಾಲ್ಕೈದು ಸಾವಿರ ಡಾಲರುಗಳವರೆಗೆ ತೆತ್ತಿದ್ದರು. ಅಂದಿನ ಮಲೇಷ್ಯಾದ ಕನಿಷ್ಠ ವೇತನವು ತಿಂಗಳಿಗೆ ಹೆಚ್ಚೆಂದರೆ 1,200 ರಿಂಗಿಟ್, ಎಂದರೆ ಮುನ್ನೂರು ಡಾಲರಿಗೂ ಕಡಮೆ. ಒಂದು ವರ್ಷದ ಮೂಲಸಂಬಳಕ್ಕೂ ಮಿಕ್ಕ ಹಣವನ್ನು ಬಡ್ಡಿಗೆ ತಂದು, ಹೊಲವನ್ನೋ ಹೆಂಡತಿಯ ಒಡವೆಯನ್ನೋ ಅಡವಿಟ್ಟು ಬಂದವನು, ಪಾಸ್‌ಪೋರ್ಟು ಯಜಮಾನನ ಪೆಟ್ಟಿಗೆಯಲ್ಲಿರುವಾಗ, ಮೇಲುಗೆಲಸ ಎಷ್ಟೇ ಹೊರಿಸಿದರೂ ಬೇಡವೆನ್ನುವುದು ಹೇಗೆ? ಅವನ ಕಾಲಿಗೆ ಬೇಡಿಯಿಲ್ಲವೆಂದು ವಾದಿಸುವವರು ನಮ್ಮ ಹಳ್ಳಿಗಳ ಜೀತಗಾರನ ಕಾಲನ್ನು ನೋಡಿದವರಲ್ಲ.

ಆ ನೆಲದಲ್ಲಿ ಇದು ಹೊಸದೂ ಅಲ್ಲ. ಅಲ್ಲಿಯ ರಬ್ಬರು ತೋಟಗಳನ್ನು ಬೆಳೆಸಿದವರು ತಮಿಳು ತೆಲುಗು ಸೀಮೆಗಳಿಂದ ಸಾಗಿಸಲ್ಪಟ್ಟ ನಮ್ಮ ದೇಶದವರೇ. ಕರಾರುಪತ್ರದ ಕೂಲಿಯು ಮಲಯಾದಲ್ಲಿ 1910ರಲ್ಲಿ ನಿಂತಿತು. ಕಂಗಾಣಿಯ ಮುಂಗಡವು ಮಾತ್ರ ನಿಲ್ಲಲಿಲ್ಲ.

ಇನ್ನು ಕ್ರಮ ಕೈಗೊಂಡವರಾರು? ಅಮೆರಿಕದ ಸುಂಕದ ಇಲಾಖೆಯವರು. ಬಲಾತ್ಕಾರದ ದುಡಿಮೆಯಿಂದಾದ ಸರಕನ್ನು ದೇಶದೊಳಕ್ಕೆ ಬಿಡಕೂಡದೆಂಬ ವಿಧಿಯು ಅವರಲ್ಲಿ 1930ರಿಂದಲೂ ಇತ್ತು. ಆದರೆ ತಮ್ಮಲ್ಲಿ ಸಾಕಷ್ಟು ತಯಾರಾಗದ ಸರಕಾದರೆ ಅಡ್ಡಿಯಿಲ್ಲವೆಂಬ ವಿನಾಯಿತಿಯನ್ನೂ ಅದಕ್ಕೆ ಹೊಲಿದಿದ್ದರು. ಎಂಥ ಅನುಕೂಲದ ಧರ್ಮಬುದ್ಧಿ! ಆ ವಿನಾಯಿತಿಯು 2016ರಲ್ಲಿ ರದ್ದಾಯಿತು. 2020ರ ಜುಲೈಯಲ್ಲಿ, ಜಗತ್ತಿನಲ್ಲೇ ಅತಿ ದೊಡ್ಡ ಕೈಗವಸು ಕಂಪನಿಯಾದ ಟಾಪ್ ಗ್ಲೋವಿನ ಎರಡು ಅಂಗಸಂಸ್ಥೆಗಳ ಸರಕನ್ನು ಬಂದರಿನಲ್ಲಿ ತಡೆಯಲು ಅಪ್ಪಣೆಯಾಯಿತು. ಸೋಂಕಿನಿಂದ ರಕ್ಷಿಸುವ ವಸ್ತುವನ್ನು ಮಾಡುವ ಆ ಕಂಪನಿಯ ಕೂಲಿಕಾರರಲ್ಲೇ 5,000ಕ್ಕೂ ಹೆಚ್ಚು ಮಂದಿಗೆ ಆ ವರ್ಷ ಮುಗಿಯುವುದರೊಳಗೆ ಸೋಂಕು ತಗುಲಿತ್ತು. ಅವರ ವಸತಿಗಳ ದುಃಸ್ಥಿತಿಯ ಬಗ್ಗೆ 2021ರ ಮಾರ್ಚಿಯಲ್ಲಿ ಮಲೇಷ್ಯಾ ಸರ್ಕಾರವೇ ನ್ಯಾಯಾಲಯಕ್ಕೆ ಹೋಗಬೇಕಾಯಿತು. ಅದೇ ತಿಂಗಳು ಅಮೆರಿಕದ ತಡೆಯು ಬಿಗಿಯಾಯಿತು. ಮೇ ತಿಂಗಳಲ್ಲಿ ಕ್ಲೀವ್‌ಲೆಂಡ್ ಪಟ್ಟಣದಲ್ಲಿ ಸುಮಾರು 40 ಲಕ್ಷ ಕೈಗವಸುಗಳು ಜಪ್ತಿಯಾದವು.

ಫಲವೇನಾಯಿತೆಂಬುದು ಗಮನಾರ್ಹ. ಕಂಪನಿಯವರು ಹತ್ತು ಸಾವಿರಕ್ಕೂ ಮಿಕ್ಕ ಕೂಲಿಕಾರರಿಗೆ, ಅವರು ದಲ್ಲಾಳಿಗಳಿಗೆ ತೆತ್ತಿದ್ದುದರ ಬಾಬ್ತು 13 ಕೋಟಿ ರಿಂಗಿಟ್ಟಿಗೂ ಹೆಚ್ಚು ಹಣವನ್ನು ಹಿಂದಿರುಗಿಸಿದರು. 2021ರ ಸೆಪ್ಟೆಂಬರಿನಲ್ಲಿ ತಡೆಯು ತೆರವಾಯಿತು. ಆಗಸ್ಟಿಗೆ ಮುಗಿದ ಅದೇ ವರ್ಷದಲ್ಲಿ ಆ ಕಂಪನಿಯ ನಿವ್ವಳ ಲಾಭವು 700 ಕೋಟಿ ರಿಂಗಿಟ್ಟನ್ನು ಮೀರಿತ್ತು. ಶಕ್ತಿಯಿಲ್ಲದೆ ಕೊಡಲಿಲ್ಲವೆಂದು ಹೇಳುವಂತಿಲ್ಲ, ಕೇಳುವವರಿಲ್ಲದೆ ಕೊಡಲಿಲ್ಲ.

ಹಾಗಾದರೆ ತಪಾಸಣೆಗಳಿರಲಿಲ್ಲವೆ? ಇದ್ದವು. ತಪಾಸಕನು ಮೊದಲೇ ಗೊತ್ತುಮಾಡಿದ ದಿನ ಬಂದು, ಹಾಜರಿ ಪುಸ್ತಕವನ್ನೂ ಬೆಂಕಿಯಾರಿಸುವ ಸಲಕರಣೆಯನ್ನೂ ನೋಡಿ, ಯಜಮಾನನ ಎದುರಿಗೆ ನಾಲ್ಕು ಜನರನ್ನು ಮಾತನಾಡಿಸಿ ಪ್ರಮಾಣಪತ್ರ ಬರೆದುಕೊಡುತ್ತಾನೆ. ಸಾಲವು ಹುಟ್ಟಿದ್ದು ಸಾವಿರಾರು ಮೈಲಿ ದೂರದ ಹಳ್ಳಿಯಲ್ಲಿ. ಕಾರ್ಖಾನೆಯ ಲೆಕ್ಕದಲ್ಲಿ ಅದು ಕಾಣುವುದೆಲ್ಲಿ? ದೊಡ್ಡ ಕಂಪನಿಗಳವರು ಇದನ್ನೆಲ್ಲ ‘ಅಪಾಯದ ನಿರ್ವಹಣೆ’ ಎಂದು ಕರೆಯುತ್ತಾರೆ. ಆ ಮಾತಿನಲ್ಲಿ ಅಪಾಯವೆಂದರೆ ಕಂಪನಿಯ ಹೆಸರಿಗೂ ಷೇರಿಗೂ ತಟ್ಟಬಹುದಾದದ್ದೇ ಹೊರತು ಕೂಲಿಕಾರನಿಗೆ ತಟ್ಟಿರುವುದಲ್ಲ. ಬ್ರಿಟನ್ನಿನ 2015ರ ಗುಲಾಮಗಿರಿ ಶಾಸನವಂತೂ ದೊಡ್ಡ ಕಂಪನಿಗಳಿಂದ ವರ್ಷಕ್ಕೊಂದು ಹೇಳಿಕೆಯನ್ನು ಕೇಳುತ್ತದೆ; ‘ನಾವು ಯಾವ ಕ್ರಮವನ್ನೂ ಕೈಗೊಂಡಿಲ್ಲ’ ಎಂದು ಬರೆದರೂ ಶಾಸನವನ್ನು ಪಾಲಿಸಿದಂತೆಯೇ! ತಮ್ಮ ಸರ್ಕಾರಿ ಆಸ್ಪತ್ರೆಗಳ ಖರೀದಿಗೆ ನಿಯಮಗಳನ್ನು ರಚಿಸಬೇಕೆಂದು ಅಲ್ಲಿಯವರು ವಿಧಿಸಿಕೊಂಡದ್ದು 2022ರಲ್ಲಿ.

ರೋಗಿಯು ಮೇಜಿನ ಮೇಲಿರುವಾಗ ಸರಕನ್ನು ತಡೆದರೆ ಗತಿಯೇನೆಂದು ವೈದ್ಯರು ಕೇಳಿಯಾರು. ನ್ಯಾಯವಾದ ಪ್ರಶ್ನೆ. ಇದನ್ನು ಹಗುರಾಗಿ ತಳ್ಳಿಹಾಕುವವರು ಆಸ್ಪತ್ರೆಯನ್ನು ಬಲ್ಲವರಲ್ಲ. ಆದುದರಿಂದಲೇ ತಡೆಯು ಕೊನೆಯ ಅಸ್ತ್ರವಾಗಿರಬೇಕು, ಕರಾರು ಮೊದಲನೆಯದಾಗಿರಬೇಕು ಎಂಬುದು ನಮ್ಮ ಮತ. ದಿಢೀರನೆ ಅರ್ಧ ಬೆಲೆಗೆ, ಎರಡರಷ್ಟು ಸರಕನ್ನು, ಹದಿನೈದು ದಿನಗಳಲ್ಲಿ ಕೇಳುವ ಖರೀದಿದಾರನು ಆ ಹೊರೆಯನ್ನು ಯಾರ ಬೆನ್ನಿನ ಮೇಲೆ ಹಾಕುತ್ತಿರುವನೆಂದು ತಿಳಿಯದವನೇನಲ್ಲ.

ನಮ್ಮ ದೇಶಕ್ಕೆ ಇದು ಪರರ ಮನೆಯ ಸುದ್ದಿಯಲ್ಲ. ಸಂವಿಧಾನದ 23ನೆಯ ವಿಧಿಯು ಬಿಟ್ಟಿ ದುಡಿಮೆಯನ್ನು ನಿಷೇಧಿಸಿದೆ. 1976ರ ಶಾಸನವು ಜೀತವನ್ನು ಮಾತ್ರವಲ್ಲದೆ ಜೀತದ ಸಾಲವನ್ನೂ ರದ್ದುಗೊಳಿಸಿತು. ಕನಿಷ್ಠ ವೇತನಕ್ಕಿಂತ ಕಡಮೆ ಕೊಟ್ಟು ದುಡಿಸುವುದೂ ಬಲಾತ್ಕಾರವೇ, ಹಸಿವಿನ ಒತ್ತಾಯವೂ ಒತ್ತಾಯವೇ ಎಂದು ನಮ್ಮ ಸರ್ವೋಚ್ಚ ನ್ಯಾಯಾಲಯವು ಏಷ್ಯನ್ ಕ್ರೀಡೆಗಳ ಕಟ್ಟಡದ ಕೂಲಿಕಾರರ ಮೊಕದ್ದಮೆಯಲ್ಲಿ 1982ರಲ್ಲೇ ಹೇಳಿತು. ಇಷ್ಟು ಸ್ಪಷ್ಟವಾದ ಮಾತು ಮೇಲಿನ ಯಾವ ಪರದೇಶದ ಶಾಸನದಲ್ಲಿಯೂ ನಮಗೆ ಕಾಣಿಸದು. ಆದರೆ ಅದು ನಮ್ಮ ಆಸ್ಪತ್ರೆಗಳ ಟೆಂಡರು ಕಾಗದಕ್ಕೆ ಇಳಿದು ಬರಬೇಕಾಗಿದೆ. ಐರೋಪ್ಯ ಒಕ್ಕೂಟದವರು 2024ರಲ್ಲಿ ಮಾಡಿದ ಶಾಸನದಂತೆ 2027ರ ಡಿಸೆಂಬರಿನಿಂದ ಬಲಾತ್ಕಾರದ ದುಡಿಮೆಯ ಸರಕಿಗೆ ಅಲ್ಲಿ ಪ್ರವೇಶವಿಲ್ಲ. ವೈದ್ಯಸಾಮಗ್ರಿಯನ್ನು ಅಲ್ಲಿಗೆ ಕಳುಹಿಸುವ ನಮ್ಮ ವರ್ತಕರನ್ನು ಪರರು ಪ್ರಶ್ನಿಸುವುದಕ್ಕೆ ಮೊದಲು ನಮ್ಮವರೇ ಪ್ರಶ್ನಿಸುವುದು ಮರ್ಯಾದೆ. ಕೂಲಿಕಾರನ ಪ್ರಯಾಣದ ವೆಚ್ಚವನ್ನೂ ದಲ್ಲಾಳಿಯ ರುಸುಮನ್ನೂ ಮಾಲೀಕನೇ ಕೊಟ್ಟ ರಸೀತಿ, ಪಾಸ್‌ಪೋರ್ಟು ಕೂಲಿಕಾರನ ಕೈಯಲ್ಲೇ ಇದೆಯೆಂಬುದಕ್ಕೆ ಅವನ ಭಾಷೆಯಲ್ಲಿ ಅವನದೇ ಸಾಕ್ಷ್ಯ, ಒಳಗುತ್ತಿಗೆದಾರರ ಹೆಸರುಗಳ ಪೂರ್ಣ ಪಟ್ಟಿ—ಇವಿಲ್ಲದ ಟೆಂಡರನ್ನು ತೆರೆಯಕೂಡದೆಂದು ನಮ್ಮ ಆರೋಗ್ಯ ಇಲಾಖೆಯವರು ಒಂದು ಸುತ್ತೋಲೆ ಹೊರಡಿಸಲಿ. ಅದಕ್ಕೆ ಹೊಸ ಶಾಸನವೇನೂ ಬೇಕಾಗಿಲ್ಲ.