ಪಟ್ಟ ತಪ್ಪಿದವನ ಪುಸ್ತಕ

1951ರಲ್ಲಿ ಮಾಸ್ಕೋದಲ್ಲಿ ನಡೆದ ವಿಶ್ವ ಚೆಸ್ ಪಂದ್ಯ 12–12ರಲ್ಲಿ ಮುಗಿಯಿತು. ಸಮಬಲವಾದರೆ ಪಟ್ಟ ಹಳೆಯ ಚಾಂಪಿಯನ್‌ಗೇ ಎಂಬುದು ಆಗಿನ ನಿಯಮ. ಹಾಗಾಗಿ ಬೊತ್ವಿನ್ನಿಕ್ ಪಟ್ಟ ಉಳಿಸಿಕೊಂಡರು. 27 ವರ್ಷದ ಡೇವಿಡ್ ಬ್ರಾನ್‌ಸ್ಟೀನ್ ಬರಿಗೈಯಲ್ಲಿ ಮರಳಿದರು. ಎರಡೇ ಆಟ ಬಾಕಿಯಿದ್ದಾಗ ಒಂದು ಅಂಕ ಮುಂದಿದ್ದವರು ಅವರು. 23ನೆಯ ಆಟದಲ್ಲಿ ಎದುರಾಳಿಯ ಜೋಡಿ ಒಂಟೆಗಳ ಮುಂದೆ ಅವರ ಎರಡು ಕುದುರೆಗಳು ಸೋತವು. ಅವರ ತಂದೆ ಸ್ಟಾಲಿನ್ ಕಾಲದ ಸೆರೆಶಿಬಿರ ಕಂಡವರು. ಹಾಗಾಗಿ, ಸೋಲುವಂತೆ ಮೇಲಿನಿಂದ ಒತ್ತಡವಿತ್ತೇ ಎಂಬ ಚರ್ಚೆ ಇನ್ನೂ ನಿಂತಿಲ್ಲ. ಆ ಗುಮಾನಿಯ ಗದ್ದಲದಲ್ಲಿ ಅವರ ನಿಜವಾದ ಸಾಧನೆ ಮರೆಯಾಗುತ್ತಿದೆ ಎಂಬುದು ನನ್ನ ತಕರಾರು.

ಆ ಸಾಧನೆ ಒಂದು ಪುಸ್ತಕ. 1953ರಲ್ಲಿ ಸ್ವಿಟ್ಜರ್ಲೆಂಡಿನ ನ್ಯೂಹೌಸೆನ್ ಮತ್ತು ಜ್ಯೂರಿಕ್‌ನಲ್ಲಿ ವಿಶ್ವ ಪಟ್ಟದ ಸವಾಲುಗಾರನನ್ನು ಆರಿಸುವ, 15 ಆಟಗಾರರ ಕ್ಯಾಂಡಿಡೇಟ್ಸ್ ಟೂರ್ನಿ ನಡೆಯಿತು. ಗೆದ್ದವರು ಸ್ಮಿಸ್ಲೋವ್. ಬ್ರಾನ್‌ಸ್ಟೀನ್ ಇನ್ನಿಬ್ಬರೊಡನೆ ಎರಡನೆಯ ಸ್ಥಾನ ಹಂಚಿಕೊಂಡರು. ಆಮೇಲೆ ಕುಳಿತು ಟೂರ್ನಿಯ 210 ಆಟಗಳಿಗೂ ಟಿಪ್ಪಣಿ ಬರೆದರು.

ಚೆಸ್ ಟಿಪ್ಪಣಿ ಎಂದರೆ ಸಾಮಾನ್ಯವಾಗಿ 'ಹೀಗೆ ನಡೆಸಿದರೆ ಹಾಗೆ' ಎಂಬ ನಡೆಗಳ ಉದ್ದನೆಯ ಸರಪಳಿ. ಹೊಸಬರು ಎರಡನೆಯ ಸಾಲಿಗೇ ಸುಸ್ತು. ಬ್ರಾನ್‌ಸ್ಟೀನ್ ಆ ಸರಪಳಿಯನ್ನು ಆದಷ್ಟು ಮೊಟಕುಗೊಳಿಸಿ, ಆಟಗಾರನ ತಲೆಯಲ್ಲಿ ಯಾವ ಯೋಜನೆ ಇತ್ತು ಎಂಬುದನ್ನು ಮಾತಿನಲ್ಲಿ ಹೇಳಿದರು. 'ಕಪ್ಪು ಮನೆಗಳ ದೌರ್ಬಲ್ಯ' ಎಂಬುದನ್ನೇ ನೋಡಿ. ಬಿಳಿಯವನ ಕಾಲಾಳುಗಳೆಲ್ಲ ಬಿಳಿ ಮನೆಗಳಲ್ಲೇ ನಿಂತಿದ್ದರೆ, ನಡುವಿನ ಕಪ್ಪು ಮನೆಗಳನ್ನು ಕಾಯಲು ಅವುಗಳಿಂದಾಗದು. ಅಲ್ಲಿ ಎದುರಾಳಿ ತನ್ನ ಕುದುರೆಯನ್ನೋ ಒಂಟೆಯನ್ನೋ ಊರಿದರೆ ಎಬ್ಬಿಸುವವರಿಲ್ಲ. ಕೇಡು ಅಲ್ಲಿಗೇ ನಿಲ್ಲುವುದಿಲ್ಲ ಎನ್ನುತ್ತಾರೆ ಬ್ರಾನ್‌ಸ್ಟೀನ್: ಕಪ್ಪು ಮನೆ ಕೈಬಿಟ್ಟ ಮೇಲೆ ಬಿಳಿ ಮನೆಯಲ್ಲಿರುವ ಕಾಯಿಗಳೂ ಓಡಾಟ ಕಳೆದುಕೊಂಡು ಗುರಿಗೆ ಸಿಗುತ್ತವೆ. ಕಪ್ಪು ಕಾಯಿಯವರು ಆಡುವ ಕಿಂಗ್ಸ್ ಇಂಡಿಯನ್ ಆರಂಭವನ್ನು ಅವರು ಅಷ್ಟು ನೆಚ್ಚಿದ್ದು ಈ ಲೆಕ್ಕದ ಮೇಲೆಯೇ. ಈ ಒಂದು ತಿಳಿವಳಿಕೆ ಇದ್ದರೆ ಹತ್ತಾರು ಆಟಗಳು ತಾವಾಗಿ ಬಿಡಿಸಿಕೊಳ್ಳುತ್ತವೆ.

ಗಡಿಯಾರದ ಮೇಲೂ ಅವರ ಗುರುತಿದೆ. ನಡೆಗೆ ಹಿಡಿದ ಸಮಯದಲ್ಲಿ ಕೆಲವು ಸೆಕೆಂಡುಗಳನ್ನು ವಾಪಸು ಕೊಡುವ ಪದ್ಧತಿಗೆ 'ಬ್ರಾನ್‌ಸ್ಟೀನ್ ಡಿಲೇ' ಎಂದೇ ಹೆಸರು. ಪಟ್ಟಕ್ಕೆ ಅವರು ಮತ್ತೆಂದೂ ಆಡಲಿಲ್ಲ. 1976ರಲ್ಲಿ ಸೋವಿಯತ್ ದೇಶ ತೊರೆದ ಚೆಸ್ ಆಟಗಾರ ಕೊರ್ಚ್‌ನಾಯ್ ವಿರುದ್ಧದ ಪತ್ರಕ್ಕೆ ಸಹಿ ಹಾಕಲು ಒಪ್ಪದೆ ಅಧಿಕಾರಿಗಳ ಮುನಿಸು ಕಟ್ಟಿಕೊಂಡರು. 2006ರಲ್ಲಿ ಮಿನ್ಸ್ಕ್‌ನಲ್ಲಿ ತೀರಿಕೊಂಡರು.

ಜ್ಯೂರಿಕ್ ಪುಸ್ತಕವನ್ನು ಓದುವವರು ಮೊದಲ ಪುಟದಿಂದಲೇ ಹಿಡಿಯಬೇಕಿಲ್ಲ. ಕಿಂಗ್ಸ್ ಇಂಡಿಯನ್ ಆಟ ಒಂದನ್ನು ಆರಿಸಿ, ಮಣೆಯ ಮೇಲೆ ಕಾಯಿ ಜೋಡಿಸಿ, ಕಂಪ್ಯೂಟರನ್ನು ಮುಚ್ಚಿಟ್ಟು ಶುರುಮಾಡಿ.