‘ನೇರ ಪ್ರಸಾರ’ವೆಂಬ ಮುದ್ರೆ

2024ರ ವಿಜಯದಶಮಿಯ ಅಪರಾಹ್ನ, ಮೈಸೂರಿನ ಜಂಬೂಸವಾರಿಯನ್ನು ನೋಡಲೆಂದು ನಿಜಲಿಂಗಪ್ಪ ಬಡಾವಣೆಯ ನಮ್ಮ ಮನೆಗೆ ಬಂದಿದ್ದ ನೆರೆಮನೆಯ ವೃದ್ಧೆಯೊಬ್ಬರು, ಟಿ.ವಿ. ಪರದೆಯ ಮೇಲೆ ಚಿನ್ನದ ಅಂಬಾರಿಯನ್ನು ಹೊತ್ತ ಗಜರಾಜನು ಮಂದಗಮನದಿಂದ ಸಾಗುತ್ತಿರುವುದನ್ನು ಕಂಡೊಡನೆ, ಕಟ್ಟುತ್ತಿದ್ದ ಹೂಮಾಲೆಯನ್ನು ಬದಿಗಿಟ್ಟು ಕೈಮುಗಿದು, “ನಮ್ಮ ಅರ್ಜುನ ಬಂದ ನೋಡ್ರಿ” ಎಂದರು. ಆನೆಯನ್ನು ಅವರು ಸರಿಯಾಗಿಯೇ ಗುರುತಿಸಿದ್ದರು. ಆದರೆ 2012ರಿಂದ 2019ರವರೆಗೆ ಅಂಬಾರಿ ಹೊತ್ತ ಆ ಅರ್ಜುನನು 2023ರ ಡಿಸೆಂಬರ್ 4ರಂದು, ಸಕಲೇಶಪುರ ತಾಲ್ಲೂಕಿನ ಯಸಳೂರಿನ ಕಾಡಿನಲ್ಲಿ, ಕಾಡಾನೆಯೊಡನೆ ಕಾದಾಡಿ ಮಡಿದಿದ್ದನು. ವಾಹಿನಿಯು ಬಿಡುವಿನ ವೇಳೆಯನ್ನು ತುಂಬಲು ಹಿಂದಿನ ವರ್ಷವೊಂದರ ದೃಶ್ಯವನ್ನು ತೋರಿಸುತ್ತಿತ್ತು. ಮೂಲೆಯಲ್ಲಿ ‘ನೇರ ಪ್ರಸಾರ’ವೆಂಬ ಕೆಂಪಕ್ಷರಗಳು ಮಾತ್ರ ಹಾಗೆಯೇ ನಿಂತಿದ್ದವು. ಸಂಗತಿಯನ್ನು ತಿಳಿಸಿದೆನು. ಮುಗಿದ ಕೈಗಳು ಮೆಲ್ಲನೆ ಮಡಿಲಿಗಿಳಿದವು.

ನೇರವನ್ನೂ ಪೂರ್ವಮುದ್ರಿತವನ್ನೂ ಬೆರೆಸುವುದೇ ದೋಷವೆಂದು ನಾನು ಹೇಳಲಾರೆನು. ಅರಮನೆಯ ಬಲರಾಮ ದ್ವಾರದಲ್ಲಿ ನಂದಿಧ್ವಜದ ಪೂಜೆಯಾದ ತರುವಾಯ ಅಂಬಾರಿಯಲ್ಲಿನ ಚಾಮುಂಡೇಶ್ವರಿಗೆ ಪುಷ್ಪಾರ್ಚನೆಯಾಗುವವರೆಗೆ ಗಂಟೆಗಟ್ಟಲೆ ಕಾಲ ಸರಿಯುವುದರಿಂದ, ಆ ಅವಧಿಯಲ್ಲಿ ಮಾವುತರ ಬದುಕನ್ನೋ ಗಜಪಯಣದ ಸಂಭ್ರಮವನ್ನೋ ಮೊದಲೇ ಚಿತ್ರೀಕರಿಸಿಟ್ಟು ತೋರಿಸುವುದು ವೀಕ್ಷಕನಿಗೆ ಉಪಕಾರವೇ ಆಗಿದೆ. 1975ರ ಆಗಸ್ಟ್ 1ರಂದು ಆರಂಭವಾದ ‘ಸೈಟ್’ ಉಪಗ್ರಹ ಪ್ರಯೋಗದಲ್ಲಿ ಗುಲಬರ್ಗಾ, ರಾಯಚೂರು, ವಿಜಾಪುರ ಜಿಲ್ಲೆಗಳ ಗ್ರಾಮಸ್ಥರು ಊರಿಗೊಂದರಂತಿದ್ದ ಟಿ.ವಿ. ಪೆಟ್ಟಿಗೆಯ ಮುಂದೆ ಕುಳಿತು ನೋಡಿದ ಬೇಸಾಯದ ಪಾಠಗಳು ಮುಂಚಿತವಾಗಿ ಸಿದ್ಧಪಡಿಸಿದವುಗಳೆಂಬ ಮಾತ್ರಕ್ಕೆ ಅವುಗಳ ಪ್ರಯೋಜನಕ್ಕೆ ಕುಂದೇನೂ ಬರಲಿಲ್ಲ. ವಸ್ತುತಃ ನೇರವೆಂಬುದೂ ಸಂಪೂರ್ಣ ನೇರವಲ್ಲ: ಓಬಿ (ಹೊರಾಂಗಣ ಪ್ರಸಾರದ) ವ್ಯಾನಿನಿಂದ ಹೊರಟ ಸಂಕೇತವು ಸುಮಾರು 36,000 ಕಿ.ಮೀ. ಎತ್ತರದ ಉಪಗ್ರಹವನ್ನು ಮುಟ್ಟಿ ಮರಳುವಷ್ಟರಲ್ಲಿ ಕಾಲು ಸೆಕೆಂಡು ಕಳೆಯುತ್ತದೆ. ಸ್ಟುಡಿಯೋವನ್ನು ಹಾದು ನಮ್ಮ ಮನೆಯನ್ನು ಸೇರುವಾಗ ಇನ್ನಷ್ಟು. ಈ ವಿಳಂಬವನ್ನು ಯಾರೂ ಆಕ್ಷೇಪಿಸುವುದಿಲ್ಲ, ಆಕ್ಷೇಪಿಸಬೇಕಾದುದೂ ಇಲ್ಲ.

ನನ್ನ ದೂರು ಆ ಮುದ್ರೆಯನ್ನು ಕುರಿತದ್ದು. ನಿಯಂತ್ರಣ ಕೊಠಡಿಯಲ್ಲಿ ಕುಳಿತವನು ಒಂದು ಗುಂಡಿಯನ್ನೊತ್ತಿ ಮೈಸೂರಿನ ಕ್ಯಾಮೆರಾದಿಂದ ಹಳೆಯ ದೃಶ್ಯಕ್ಕೆ ಹೊರಳುವಾಗ, ಇನ್ನೊಂದು ಗುಂಡಿಯಿಂದ ಮೂಲೆಯ ಅಕ್ಷರಗಳನ್ನೂ ಅಳಿಸಬಹುದು. ವಾರ್ತಾಪತ್ರಿಕೆಗಳು ಹಳೆಯ ಛಾಯಾಚಿತ್ರದ ಅಡಿಯಲ್ಲಿ ‘ಸಂಗ್ರಹ ಚಿತ್ರ’ವೆಂದು ಮುದ್ರಿಸುವ ಪದ್ಧತಿಯನ್ನು ಉಳಿಸಿಕೊಂಡು ಬಂದಿರುವಾಗ, ಅವುಗಳಿಗಿಂತ ವಿಪುಲವಾದ ಸಾಧನಗಳುಳ್ಳ ವಾಹಿನಿಗಳಿಗೆ ಇದು ಭಾರವೆಂದು ನಾನು ನಂಬಲಾರೆನು. ಮಳೆಗಾಲದಲ್ಲಿ ತುಂಗಭದ್ರೆಯು ಉಕ್ಕಿದಾಗ ಇದೇ ಪ್ರಮಾದವು ಬೇರೊಂದು ರೂಪವನ್ನು ತಾಳುತ್ತದೆ. ಹರಿಹರದಲ್ಲಿ ಬಂಧುಗಳುಳ್ಳ ನಮಗೆ, ಮೊಣಕಾಲಿನವರೆಗೆ ನೀರು ನಿಂತ ಬೀದಿಯ ಅವೇ ಹತ್ತು ಸೆಕೆಂಡುಗಳ ಚಿತ್ರವು ನೇರವೆಂಬ ಮುದ್ರೆಯೊಡನೆ ಸುತ್ತಿ ಸುತ್ತಿ ಬರುವಾಗ, ಅದು ಇಂದಿನದೋ, ನಿನ್ನೆಯದೋ, ಕಳೆದ ವರ್ಷದ್ದೋ ತಿಳಿಯುವುದಿಲ್ಲ, ಊರಿಗೆ ಫೋನು ಮಾಡಿ, “ನೀರು ಎಲ್ಲೀವರೆಗೂ ಬಂತು?” ಎಂದು ಕೇಳಬೇಕಾಗುತ್ತದೆ. ಅತ್ತ ಕಡೆಯವರು ಫೋನೆತ್ತದಿದ್ದರೆ ಆ ರಾತ್ರಿ ಮನೆಯಲ್ಲಿ ಯಾರಿಗೂ ನಿದ್ರೆಯಿಲ್ಲ. ‘ನೇರ’ವೆಂಬ ಮಾತನ್ನು ನಂಬಿ ಪ್ರಯಾಣವನ್ನು ನಿಲ್ಲಿಸುವವರೂ, ಅಪನಂಬಿಕೆಯಿಂದ ಹೊರಟುಬಿಡುವವರೂ ಉಂಟಷ್ಟೆ.

ಹಳೆಯ ದೃಶ್ಯದ ಮೇಲೆ ಅದರ ವರ್ಷವನ್ನು ಎದ್ದು ಕಾಣುವ ಕನ್ನಡ ಅಕ್ಷರಗಳಲ್ಲಿ, ಅದು ಪರದೆಯ ಮೇಲಿರುವಷ್ಟು ಹೊತ್ತೂ ತೋರಿಸಬೇಕು. ನೇರದ ಮುದ್ರೆಯು ಆ ಕ್ಷಣದಲ್ಲಿ ಇಳಿದು, ಕ್ಯಾಮೆರಾ ಮರಳಿದಾಗ ಮರಳಬೇಕು. ವಾಹಿನಿಗಳಿಂದ ನಾನು ಬೇಡುವುದು ಇಷ್ಟೇ.

ಅಂದು ಸಂಜೆ ಅಂಬಾರಿಯನ್ನು ಹೊತ್ತ ಅಭಿಮನ್ಯುವು ಪುಷ್ಪಾರ್ಚನೆಯ ವೇದಿಕೆಯ ಬಳಿ ಬಂದು ನಿಂತಾಗ, ಆ ವೃದ್ಧೆಯು ತತ್‌ಕ್ಷಣ ಕೈಮುಗಿಯಲಿಲ್ಲ. ಕೈಗಳನ್ನು ಅರ್ಧಕ್ಕೆ ಎತ್ತಿ, ನನ್ನತ್ತ ತಿರುಗಿ, “ಇದಾದ್ರೂ ಈಗಿಂದೇನಪ್ಪಾ?” ಎಂದು ಕೇಳಿದರು.